ವರ್ಣತಂತುಗಳಿಗೂ ಒಂದು ಗ್ರೂಪ್ ಫೋಟೊ

ಹನೂರಿನ ಕಡೆಯ ನಮ್ಮ ನೆಂಟರ ಹುಡುಗಿಗೆ ಮೂರನೆಯದೂ ಹೆಣ್ಣಾಯಿತು. ಅತ್ತೆ ಬಾಣಂತಿ ಕೋಣೆಗೆ ಕಾಲಿಡಲಿಲ್ಲ. "ಇವಳ ಹೊಟ್ಟೆಯೇ ಹಾಗೆ" ಅಂದರಂತೆ. ಆ ಮಾತಿಗೆ ಉತ್ತರ ಒಂದು ಫೋಟೊದಲ್ಲಿದೆ, ಕೇಳಿ.

ನಮ್ಮ ಒಂದೊಂದು ಜೀವಕೋಶದಲ್ಲೂ ವರ್ಣತಂತುಗಳಿರುತ್ತವೆ. ತಂದೆತಾಯಿಯ ಗುಣ ಮಕ್ಕಳಿಗೆ ಬರುವುದು ಇವುಗಳಿಂದಲೇ. ನೋಡುವುದು ಹೇಗೆ? ರಕ್ತದ ಬಿಳಿ ಕಣಗಳನ್ನು ಮೂರು ದಿನ ಬೆಚ್ಚಗಿಟ್ಟು ಬೆಳೆಸುತ್ತಾರೆ. ಕೋಶ ಎರಡಾಗುವ ಹೊತ್ತಿನಲ್ಲಿ ಮಾತ್ರ ತಂತುಗಳು ಗಿಡ್ಡಗೆ ದಪ್ಪಗೆ ಕಾಣುವುದು. ಆ ಗಳಿಗೆಯಲ್ಲೇ ತಡೆದು ನಿಲ್ಲಿಸಲು ಕಾಲ್ಚಿಸಿನ್ ಹಾಕುತ್ತಾರೆ. ಬೇಲಿಯಲ್ಲಿ ಹಬ್ಬುವ, ಬೆಂಕಿಯಂಥ ಗೌರಿಹೂವಿನ ಗೆಡ್ಡೆಯಲ್ಲಿರುವ ವಿಷವೂ ಇದೇ. (ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ!) ಆಮೇಲೆ ಉಪ್ಪು ಕಮ್ಮಿಯಾದ ನೀರು. ನೆನೆಹಾಕಿದ ಅವರೆಕಾಳಿನ ಹಾಗೆ ಕೋಶ ಉಬ್ಬಿ, ತಂತುಗಳು ಬಿಡಿಬಿಡಿಯಾಗುತ್ತವೆ. ಗಾಜಿನ ಮೇಲೆ ತೊಟ್ಟಿಕ್ಕಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಫೋಟೊ. ಹಿಂದೆಲ್ಲ ಅದನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸುತ್ತಿದ್ದರು. ಈಗ ಕಂಪ್ಯೂಟರ್ ಬಂದಿದೆ. ಉದ್ದ, ಸೊಂಟ ಇರುವ ಜಾಗ, ಮೈಮೇಲಿನ ಪಟ್ಟೆ ನೋಡಿ ಜೋಡಿ ಸೇರಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸುತ್ತಾರೆ.

ನಮಗೆ 46 ಎಂದು ಸರಿಯಾಗಿ ಎಣಿಸಿದ್ದು 1956ರಲ್ಲಿ. ಅಲ್ಲಿಯವರೆಗೆ ಪಂಡಿತರೂ 48 ಅಂತಲೇ ನಂಬಿದ್ದರು! ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಬೊಗಳುತ್ತದಲ್ಲ, ಆ ಕಾಡುಕುರಿಯ ಜಾತಿಯಲ್ಲಿ ಹೆಣ್ಣಿಗೆ ಬರೀ 6, ಗಂಡಿಗೆ 7. ಕೊಳ್ಳೇಗಾಲದ ನಮ್ಮ ರೇಷ್ಮೆಹುಳುವಿಗೋ 56. ಅವು ತೀರಾ ಸಣ್ಣವು, ಸೊಂಟವೂ ಇಲ್ಲ, ನೋಡಲು ಎಲ್ಲ ಒಂದೇ ಥರ. 2005ರಲ್ಲಿ ಜಪಾನಿನ ವಿಜ್ಞಾನಿಗಳು ಹೊಳೆಯುವ ಗುರುತು ಹಚ್ಚಿ 28 ಜೋಡಿಯನ್ನೂ ಬೇರೆಬೇರೆಯಾಗಿ ಗುರುತಿಸಿದರು.

ಇನ್ನು ಅತ್ತೆಯವರ ಮಾತಿಗೆ ಬರೋಣ. ಮನುಷ್ಯರ ಫೋಟೊದಲ್ಲಿ ಕೊನೆಯ ಜೋಡಿ ನೋಡಿ. ಹೆಂಗಸಿನಲ್ಲಿ ಎರಡೂ ಎಕ್ಸ್. ಗಂಡಸಿನಲ್ಲಿ ಒಂದು ಎಕ್ಸ್, ಇನ್ನೊಂದು ಪುಟ್ಟ ವೈ. ತಾಯಿ ಕೊಡುವುದು ಯಾವಾಗಲೂ ಎಕ್ಸೇ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಅದೂ ಅವನ ಕೈಲಿಲ್ಲ ಅನ್ನಿ, ಪಾಪ. ರೇಷ್ಮೆ ಚಿಟ್ಟೆಯಲ್ಲಿ ಮಾತ್ರ ಇದು ತಿರುಗಾಮುರುಗಾ: ಹೊಂದದ ಜೋಡಿ ಹೆಣ್ಣಿನದು, ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯ ಕಡೆಯಿಂದಲೇ.

ಅತ್ತೆಯವರ ಮನೆಯಲ್ಲೂ ರೇಷ್ಮೆ ಸಾಕುತ್ತಾರೆ. ನಾವು ಮಗು ನೋಡಲು ಹೋದ ದಿನ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಿದ್ದರು. ಗಂಡೂ ಹೆಣ್ಣೂ ಸೇರಿ ಗೂಡು ಕಟ್ಟುತ್ತಿದ್ದವು.