ಹುಲ್ಲು ಕತ್ತರಿಸುವ ಮೆಷಿನ್‌ಗೆ ನಾವೇ ಸರ್ವಿಸ್ ಮಾಡೋಣ



ಕೊಯಮತ್ತೂರು, ತಿರುಪ್ಪೂರು ಕಡೆ ಹೆಚ್ಚು ಮಳೆ ಬೀಳುವುದು ಅಕ್ಟೋಬರ್, ನವೆಂಬರ್ ತಿಂಗಳಲ್ಲಿ, ಈಶಾನ್ಯ ಮಾರುತ ಬೀಸುವಾಗ. ದೀಪಾವಳಿ ಮುಗಿಯುವಷ್ಟರಲ್ಲಿ ಶಾಲೆಯ ಮೈದಾನ, ಮನೆಯ ಹಿತ್ತಿಲು, ಪೊಳ್ಳಾಚಿಯ ತೆಂಗಿನ ತೋಪು ಎಲ್ಲ ಕಡೆಯೂ ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತೆ. ಆಗ ಮೂಲೆಯಲ್ಲಿದ್ದ ಪೆಟ್ರೋಲ್ ಹುಲ್ಲಿನ ಮೆಷಿನ್ ಹೊರಗೆ ಬರುತ್ತೆ. ಹಗ್ಗ ಎಳೆದರೆ ಸ್ಟಾರ್ಟ್ ಆಗೋದಿಲ್ಲ. ಹತ್ತು ಸಲ ಎಳೆದು ಕೈ ನೋವು ಬಂದ ಮೇಲೆ, "ಮೆಷಿನ್ ಕೆಟ್ಟೋಯ್ತು, ಅಂಗಡಿಗೆ ಒಯ್ಯಬೇಕು" ಅಂತ ದೊಡ್ಡವರು ತೀರ್ಮಾನ ಮಾಡ್ತಾರೆ.

ನಿಜವಾಗಿ ಕೆಟ್ಟಿದೆಯಾ? ಹೆಚ್ಚಿನ ಸಲ ಇಲ್ಲ. ಅದಕ್ಕೆ ಉಸಿರು ಕಟ್ಟಿರುತ್ತೆ, ಇಲ್ಲವೇ ಹಳಸಿದ ಊಟ ಹೊಟ್ಟೆಯಲ್ಲಿರುತ್ತೆ, ಇಲ್ಲವೇ ಕಿಡಿ ಹಾರುತ್ತಿರುವುದಿಲ್ಲ. ಈ ಮೂರನ್ನೂ ಮನೆಯಲ್ಲೇ ನೋಡಬಹುದು. ಸರ್ವಿಸ್ ಬಿಲ್ ಕೈಗೆ ಬಂದಾಗ ಒಮ್ಮೆ ಓದಿ ನೋಡಿ. ಪ್ಲಗ್, ಫಿಲ್ಟರ್, ಅರ್ಧ ಲೀಟರ್‌ನಷ್ಟು ಆಯಿಲ್, ಇಷ್ಟೇ ಸಾಮಾನು. ಉಳಿದದ್ದು ಕೂಲಿ. ಆ ಕೂಲಿಯಲ್ಲಿ ಬಹುಪಾಲು ಕೆಲಸವನ್ನು ಎಂಟನೇ, ಹತ್ತನೇ ತರಗತಿಯ ವಿಜ್ಞಾನ ತಿಳಿದವರು ಮನೆಯ ದೊಡ್ಡವರ ಜೊತೆ ಕೂತು ಮಾಡಬಹುದು. ಆದರೆ ಒಂದು ಷರತ್ತು: ಯಾಕೆ ಮಾಡ್ತಿದ್ದೀವಿ ಅಂತ ತಿಳಿದೇ ಮಾಡಬೇಕು.

ಬಟ್ಟೆ ಗಿರಣಿಯಲ್ಲಿ ಹುಟ್ಟಿದ ಯಂತ್ರ

ಬನಿಯನ್ ಊರಾದ ತಿರುಪ್ಪೂರಿನವರಿಗೆ ಈ ಯಂತ್ರದ ಕಥೆ ಹಿಡಿಸುತ್ತೆ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಸುತ್ತ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ಬಟ್ಟೆಯ ಮೇಲೆ ಎದ್ದ ನವಿರನ್ನು ಸಮವಾಗಿ ಕತ್ತರಿಸುವ ಯಂತ್ರ ಅಲ್ಲಿ ಬಳಕೆಯಲ್ಲಿತ್ತು. ಎಡ್ವಿನ್ ಬಡ್ಡಿಂಗ್ ಎಂಬಾತ ಅದನ್ನು ನೋಡಿ, ಬಟ್ಟೆಯ ನವಿರನ್ನು ಕತ್ತರಿಸುವಂತೆ ನೆಲದ ಹುಲ್ಲನ್ನೂ ಯಾಕೆ ಕತ್ತರಿಸಬಾರದು ಅಂತ ಯೋಚಿಸಿದ. 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಕೈಯಿಂದ ತಳ್ಳುವ ಯಂತ್ರ. ಪೆಟ್ರೋಲ್ ಎಂಜಿನ್ ಸೇರಿದ್ದು 20ನೇ ಶತಮಾನದ ಆರಂಭದಲ್ಲಿ.

ಬಿಚ್ಚಿ ನೋಡಿ ಕಲಿಯುವುದಕ್ಕೆ ನಮ್ಮ ಕೊಯಮತ್ತೂರಿನಲ್ಲೇ ದೊಡ್ಡ ಉದಾಹರಣೆ ಇದೆ. ಜಿ. ಡಿ. ನಾಯ್ಡು ಅವರು (1893–1974) ಯುವಕರಾಗಿದ್ದಾಗ ಹೋಟೆಲಿನಲ್ಲಿ ದುಡಿದು ಕೂಡಿಸಿದ ಹಣದಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿಯ ಮೋಟಾರ್ ಸೈಕಲ್ ಕೊಂಡರು. ಓಡಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಬಿಚ್ಚಿ, ಮತ್ತೆ ಜೋಡಿಸಿ, ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದುಕೊಂಡರು. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ತಾವೇ ಬಸ್ ಓಡಿಸಿದರು. ಮುಂದೆ ಅವರು ಬಸ್ ಕಂಪನಿಯನ್ನೂ ಕಾರ್ಖಾನೆಗಳನ್ನೂ ಕಟ್ಟಿ ಬೆಳೆಸಿದರು. ತಮಿಳಿನಲ್ಲಿ 'ಪಟ್ಟರೈ' ಅನ್ನುವ ಸಣ್ಣ ವರ್ಕ್‌ಶಾಪುಗಳು ಈ ಊರಿನ ತುಂಬ ಇವೆ. ಪಂಪು, ಮೋಟಾರು, ಗ್ರೈಂಡರ್ ಮಾಡುವ ಊರಿನ ಮಕ್ಕಳು ಒಂದು ಪ್ಲಗ್ ಬಿಚ್ಚಲು ಹೆದರಬೇಕಾಗಿಲ್ಲ, ಅಲ್ವಾ?

ಮೊದಲ ಕೆಲಸ: ಪ್ಲಗ್ಗಿನ ಟೋಪಿ ತೆಗೆಯಿರಿ

ಯಂತ್ರ ಆಫ್ ಮಾಡಿ ಅರ್ಧ ಗಂಟೆ ತಣ್ಣಗಾಗಲು ಬಿಡಿ. ಆಮೇಲೆ ಪ್ಲಗ್ಗಿನ ಮೇಲಿನ ರಬ್ಬರ್ ಟೋಪಿಯನ್ನು ಎಳೆದು, ಪ್ಲಗ್ಗಿಗೆ ತಾಗದಂತೆ ದೂರ ಇಡಿ. ಇದನ್ನು ಮಾಡದೆ ಬ್ಲೇಡಿನ ಹತ್ತಿರ ಕೈ ಒಯ್ಯಲೇಬಾರದು.

"ಆಫ್ ಮಾಡಿದ್ದೀವಲ್ಲ, ಬ್ಯಾಟರಿಯೂ ಇಲ್ಲ, ಮತ್ತೇನು ಭಯ?" ಅಂತ ಕೇಳಬಹುದು. ಭಯ ಇರುವುದೇ ಬ್ಯಾಟರಿ ಇಲ್ಲದ್ದರಲ್ಲಿ. ಈ ಎಂಜಿನ್‌ನ ಚಕ್ರದಲ್ಲಿ ಒಂದು ಆಯಸ್ಕಾಂತ ಇದೆ. ಚಕ್ರ ತಿರುಗಿದಾಗ ಅದು ತಂತಿಯ ಸುರುಳಿಯ ಪಕ್ಕದಲ್ಲಿ ಹಾದುಹೋಗುತ್ತೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತೆ. ಇದೇ ನೀವು ಓದುವ ವಿದ್ಯುತ್ಕಾಂತೀಯ ಪ್ರೇರಣೆ. ಬಡ್ಡಿಂಗ್ ಪೇಟೆಂಟ್ ಪಡೆದ ಮರುವರ್ಷ, 1831ರಲ್ಲಿ, ಮೈಕೆಲ್ ಫ್ಯಾರಡೆ ಇದನ್ನು ಕಂಡುಹಿಡಿದರು. ಬ್ಲೇಡ್ ನೇರವಾಗಿ ಎಂಜಿನ್‌ಗೆ ಜೋಡಿಸಿರುವ ಮೆಷಿನ್‌ನಲ್ಲಿ ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಚಕ್ರವೂ ತಿರುಗುತ್ತೆ. ಸ್ವಿಚ್ಚೋ ಅದರ ತಂತಿಯೋ ಕೆಟ್ಟಿದ್ದರೆ ಕಿಡಿ ಹಾರಿ ಎಂಜಿನ್ ಒಮ್ಮೆ ಸಿಡಿಯಬಹುದು. ಬೆರಳು ಹೋಗಲು ಅಷ್ಟು ಸಾಕು.

ಬ್ಲೇಡಿನ ವೇಗ ಲೆಕ್ಕ ಹಾಕಿ ನೋಡಿ. ಉದ್ದ 46 ಸೆಂಟಿಮೀಟರ್ ಅಂದುಕೊಳ್ಳಿ. ತುದಿ ಒಂದು ಸುತ್ತಿನಲ್ಲಿ ಸಾಗುವ ದೂರ 3.14 × 0.46, ಅಂದರೆ ಸುಮಾರು 1.44 ಮೀಟರ್. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50 ಸುತ್ತು. ಆಗ ತುದಿಯ ವೇಗ ಸೆಕೆಂಡಿಗೆ 72 ಮೀಟರ್, ಗಂಟೆಗೆ ಸುಮಾರು 260 ಕಿಲೋಮೀಟರ್! ಕಲ್ಲು ಸಿಕ್ಕಿದರೆ ಗುಂಡಿನ ಹಾಗೆ ಹಾರುತ್ತೆ. ಅದಕ್ಕೇ ಓಡುವ ಮೆಷಿನ್ ಹತ್ತಿರ ಚಿಕ್ಕ ಮಕ್ಕಳು ನಿಲ್ಲಬಾರದು.

ಗಾಳಿ: ಏರ್ ಫಿಲ್ಟರ್

1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. 1 ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅದಕ್ಕೆ ಬೇಕಾದ ಗಾಳಿ 11 ಕಿಲೋಗ್ರಾಂನಷ್ಟು, ಅಂದರೆ 9 ಸಾವಿರ ಲೀಟರ್‌ಗೂ ಹೆಚ್ಚು. ಇಷ್ಟೆಲ್ಲ ಗಾಳಿ ಅಂಗೈಯಗಲದ ಫಿಲ್ಟರ್ ಮೂಲಕವೇ ಒಳಗೆ ಹೋಗಬೇಕು. ಒಣಹುಲ್ಲಿನ ಪುಡಿ, ನೆಲದ ದೂಳು ಎಲ್ಲ ಅಲ್ಲೇ ನಿಲ್ಲುತ್ತೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಅರೆಬರೆ ಉರಿಯುತ್ತೆ. ಕಪ್ಪು ಹೊಗೆ ಬರುತ್ತೆ, ಶಕ್ತಿ ಇಳಿಯುತ್ತೆ, ಪೆಟ್ರೋಲ್ ಖರ್ಚು ಏರುತ್ತೆ.

ಸ್ಪಂಜಿನ ಫಿಲ್ಟರ್ ಆದರೆ ಸೋಪು ನೀರಿನಲ್ಲಿ ಹಿಂಡಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಕೆಲವು ಹನಿ ಎಂಜಿನ್ ಆಯಿಲ್ ಹಾಕಿ ಹಿಸುಕಿ ಹಾಕಿರಿ. ಆ ಎಣ್ಣೆಯ ಜಿಡ್ಡಿಗೆ ದೂಳು ಅಂಟಿಕೊಳ್ಳುತ್ತೆ. ಕಾಗದದ ಫಿಲ್ಟರ್ ಆದರೆ ಮೆಲ್ಲಗೆ ತಟ್ಟಿ ದೂಳು ಉದುರಿಸಿ. ಅದಕ್ಕೆ ನೀರೂ ಬೇಡ, ಎಣ್ಣೆಯೂ ಬೇಡ. ತೀರಾ ಕಪ್ಪಾಗಿದ್ದರೆ ಹೊಸದು ತನ್ನಿ. ಫಿಲ್ಟರ್ ಇಲ್ಲದೆ ಎಂಜಿನ್ ಓಡಿಸಬೇಡಿ. ದೂಳು ಪಿಸ್ಟನ್ನನ್ನೂ ಸಿಲಿಂಡರನ್ನೂ ಉಪ್ಪುಕಾಗದದ ಹಾಗೆ ಸವೆಸುತ್ತೆ.

ಕಿಡಿ: ಪ್ಲಗ್

ಪ್ಲಗ್ ಸ್ಪ್ಯಾನರ್‌ನಿಂದ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ಡಾಕ್ಟರು ನಾಲಿಗೆ ನೋಡಿದ ಹಾಗೆ. ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಫಿಲ್ಟರ್ ಇನ್ನೊಮ್ಮೆ ನೋಡಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಎಂಜಿನ್ ಆಯಿಲ್ ಜಿಡ್ಡು ಇದ್ದರೆ ಒಳಗೆ ಸವೆತ ಇರಬಹುದು; ಅದು ಮೆಕ್ಯಾನಿಕ್ ಕೆಲಸ.

ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದು ಇರುತ್ತೆ. ಅನೇಕ ಎಂಜಿನ್‌ಗಳಲ್ಲಿ ಇದು 0.7ರಿಂದ 0.8 ಮಿಲಿಮೀಟರ್, ನಿಮ್ಮ ಯಂತ್ರದ ಅಳತೆ ಕೈಪಿಡಿಯಲ್ಲಿದೆ. ಫೀಲರ್ ಗೇಜ್ ಎಂಬ ತೆಳು ತಗಡುಗಳ ಕಟ್ಟಿನಿಂದ ಅಳೆಯಿರಿ. ಸಂದು ಹೆಚ್ಚಾದರೆ ಕಿಡಿ ದಾಟಲಾರದು, ಕಡಿಮೆಯಾದರೆ ಕಿಡಿ ತೀರಾ ಸಣ್ಣದಾಗುತ್ತೆ. ತಿರುಗಿ ಹಾಕುವಾಗ ಮೊದಲು ಕೈಯಿಂದಲೇ ತಿರುಗಿಸಿ. ಸಲೀಸಾಗಿ ಕೂತ ಮೇಲಷ್ಟೇ ಸ್ಪ್ಯಾನರ್. ಸಿಲಿಂಡರಿನ ತಲೆ ಅಲ್ಯೂಮಿನಿಯಂನದು, ಪ್ಲಗ್ಗಿನ ಮರೆ ಉಕ್ಕಿನದು. ಒತ್ತಾಯ ಮಾಡಿದರೆ ಮೆತ್ತಗಿರುವ ಅಲ್ಯೂಮಿನಿಯಂ ಮರೆಯೇ ಕಿತ್ತುಹೋಗುತ್ತೆ.

ಪೆಟ್ರೋಲ್: ಹಳಸಿದ ಊಟ

ಸ್ಟಾರ್ಟ್ ಆಗದ ಮೆಷಿನ್‌ಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಪೆಟ್ರೋಲ್ ಒಂದೇ ವಸ್ತು ಅಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಬೇಗ ಆವಿಯಾಗುವ ಭಾಗದಿಂದಲೇ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವುದು. ಬೇಸಿಗೆಯಿಡೀ ಟ್ಯಾಂಕಿನಲ್ಲಿ ಇಟ್ಟರೆ ಆ ಭಾಗವೇ ಹಾರಿಹೋಗುತ್ತೆ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತೆ. ಕಾರ್ಬುರೇಟರ್ ಒಳಗಿನ ತೂತು ಸೂಜಿಯ ಮೊನೆಯಷ್ಟು ಸಣ್ಣದು. ಅಂಟು ಅದನ್ನು ಮುಚ್ಚಿಬಿಡುತ್ತೆ.

ಇನ್ನೊಂದು ವಿಷಯ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆಸಿರುತ್ತಾರೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತೆ. ಅನೇಕ ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಎಥೆನಾಲ್ ಮಿತಿ ಶೇಕಡಾ 10 ಅಂತಲೇ ಇದೆ. ಹಾಗಾಗಿ ಪೆಟ್ರೋಲ್ ನಳಿಗೆ ಬಿರುಕು ಬಿಟ್ಟಿದೆಯಾ, ಮೆತ್ತಗಾಗಿದೆಯಾ ಅಂತ ಆಗಾಗ ನೋಡಿ. ತಿಂಗಳಿಗೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಹುಲ್ಲಿನ ಕಾಲ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ.

ಹಳೆ ಪೆಟ್ರೋಲ್ ತೆಗೆಯುವ ಕೆಲಸ ದೊಡ್ಡವರದು, ಬಯಲಿನಲ್ಲೇ ಆಗಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ದೂರದ ಒಲೆಗೋ ಊದುಬತ್ತಿಗೋ ತಲುಪಬಲ್ಲದು.

ಆಯಿಲ್

ಮೊದಲು ನಿಮ್ಮದು ಯಾವ ಎಂಜಿನ್ ಅಂತ ಗುರುತಿಸಿ. ಎಂಜಿನ್ ಆಯಿಲ್‌ಗೆ ಬೇರೆ ಮುಚ್ಚಳ, ಅಳೆಯುವ ಕಡ್ಡಿ ಇದ್ದರೆ ಫೋರ್ ಸ್ಟ್ರೋಕ್. ತಳ್ಳುವ ಮೆಷಿನ್‌ಗಳು ಹೆಚ್ಚಾಗಿ ಇವೇ. ತೋಟಗಳಲ್ಲಿ ಹೆಗಲಿಗೆ ಹಾಕಿಕೊಳ್ಳುವ ಕಟರ್‌ಗಳಲ್ಲಿ ಟೂ ಸ್ಟ್ರೋಕ್ ಕೂಡ ಉಂಟು. ಅದಕ್ಕೆ ಆಯಿಲನ್ನು ಕೈಪಿಡಿ ಹೇಳಿದ ಅಳತೆಯಲ್ಲಿ ಪೆಟ್ರೋಲಿಗೇ ಬೆರೆಸಬೇಕು. ಬೆರೆಸದೆ ಓಡಿಸಿದರೆ ಪಿಸ್ಟನ್ ಬಿಸಿಯಾಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ.

ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸಲ ಪೆಟ್ರೋಲ್ ಉರಿಯುತ್ತೆ. ಲೋಹಕ್ಕೆ ಲೋಹ ಉಜ್ಜದಂತೆ ತಡೆಯುವುದು ತೆಳ್ಳಗಿನ ಆಯಿಲ್ ಪದರ. ಸುಮಾರು 50 ಗಂಟೆ ಓಡಿದ ಮೇಲೆ, ಇಲ್ಲವೇ ವರ್ಷಕ್ಕೊಮ್ಮೆ, ಆಯಿಲ್ ಬದಲಿಸುವುದು ರೂಢಿ. ಹೊಸ ಮೆಷಿನ್‌ಗೆ ಮೊದಲ ಸಲ ಇನ್ನೂ ಬೇಗ ಬದಲಿಸಬೇಕು. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಇಳಿಸಿದರೆ ಆಯಿಲ್ ತೆಳುವಾಗಿ, ಕೊಳೆಯ ಸಮೇತ ಹರಿದು ಬರುತ್ತೆ. ಹೊಸದನ್ನು ಕಡ್ಡಿಯ ಮೇಲಿನ ಗೆರೆವರೆಗೆ ಮಾತ್ರ ಹಾಕಿ. ಜಾಸ್ತಿಯಾದರೆ ಬಿಳಿ, ನೀಲಿ ಹೊಗೆ ಬರುತ್ತೆ.

ಹಳೆ ಆಯಿಲನ್ನು ಮಣ್ಣಿಗೋ ಮೋರಿಗೋ ಸುರಿಯಬೇಡಿ. ನಮ್ಮ ಮೋರಿಗಳು ಕೊನೆಗೆ ಸೇರುವುದು ನೊಯ್ಯಲ್ ನದಿಗೆ. ಆ ನದಿ ಈಗಾಗಲೇ ಎಷ್ಟು ನೊಂದಿದೆ ಅಂತ ತಿರುಪ್ಪೂರಿನವರಿಗೆ ಹೇಳಬೇಕಾಗಿಲ್ಲ. ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ಕೊಳ್ಳುವ ವರ್ಕ್‌ಶಾಪಿಗೆ ಕೊಡಿ.

ಬ್ಲೇಡ್

ಪ್ಲಗ್ಗಿನ ಟೋಪಿ ತೆಗೆದಿದೆಯಾ? ಇನ್ನೊಮ್ಮೆ ನೋಡಿ. ಟ್ಯಾಂಕ್ ಖಾಲಿ ಇರುವಾಗ, ಏರ್ ಫಿಲ್ಟರ್ ಇರುವ ಬದಿ ಮೇಲೆ ಬರುವಂತೆ ಮೆಷಿನ್ ಓರೆ ಮಾಡಿ. ಇಲ್ಲದಿದ್ದರೆ ಆಯಿಲ್ ಇಳಿದು ಫಿಲ್ಟರ್ ನೆನೆಯುತ್ತೆ. ದಪ್ಪ ಗ್ಲೌಸ್ ಹಾಕಿ, ಬ್ಲೇಡ್ ತಿರುಗದಂತೆ ಮರದ ತುಂಡು ಕೊಟ್ಟು, ಬೋಲ್ಟ್ ಬಿಚ್ಚಿ. ಮೊದಲಿದ್ದ ಓರೆಯಲ್ಲೇ ಅರದಿಂದ ಉಜ್ಜಿ. ಒಂದು ಬದಿಗೆ 20 ಸಲ ಉಜ್ಜಿದರೆ ಇನ್ನೊಂದು ಬದಿಗೂ 20 ಸಲ.

ಆಮೇಲೆ ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ನೇತುಹಾಕಿ. ಎರಡೂ ತುದಿ ಸಮವಾಗಿ ನಿಂತರೆ ಗುರುತ್ವಕೇಂದ್ರ ನಡುವೆಯೇ ಇದೆ. ಒಂದು ಬದಿ ಇಳಿದರೆ ಆ ಬದಿ ಭಾರ. ಅದನ್ನೇ ಇನ್ನಷ್ಟು ಉಜ್ಜಿ. ಸಮತೋಲ ಇಲ್ಲದ ಬ್ಲೇಡ್ ಸೆಕೆಂಡಿಗೆ 50 ಸಲ ಎಂಜಿನ್ನನ್ನು ಅಲುಗಿಸುತ್ತೆ, ಬೇರಿಂಗ್ ಹಾಳಾಗುತ್ತೆ. ಬ್ಲೇಡಿನಲ್ಲಿ ಬಿರುಕು ಕಂಡರೆ ಉಜ್ಜಬೇಡಿ, ಎಸೆಯಿರಿ. ತಿರುಗಿ ಹಾಕುವಾಗ ಬೋಲ್ಟನ್ನು ದೊಡ್ಡವರೇ ಬಿಗಿ ಮಾಡಲಿ.

ಎಲ್ಲಿ ನಿಲ್ಲಿಸಬೇಕು?

ಎಲ್ಲ ಜೋಡಿಸಿ, ಹೊಸ ಪೆಟ್ರೋಲ್ ಹಾಕಿ, ಪ್ಲಗ್ಗಿನ ಟೋಪಿ ಕೂರಿಸಿ, ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಶೆಡ್ ಒಳಗೆ ಬೇಡ. ಹೊಗೆಯಲ್ಲಿ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗ ಕೊಡೋದಿಲ್ಲ.

ಇಷ್ಟಾದ ಮೇಲೂ ಸ್ಟಾರ್ಟ್ ಆಗದಿದ್ದರೆ, ಹಗ್ಗ ಎಳೆದಾಗ ಬಿಗಿಯೇ ಇಲ್ಲದಿದ್ದರೆ, ಪೆಟ್ರೋಲ್ ಸೋರುತ್ತಿದ್ದರೆ, ಕಲ್ಲಿಗೆ ಹೊಡೆದ ಮೇಲೆ ಮೆಷಿನ್ ನಡುಗುತ್ತಿದ್ದರೆ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋಗಿ. ಹಗ್ಗದ ಹಿಂದಿರುವ ಸ್ಪ್ರಿಂಗ್ ಡಬ್ಬಿಯನ್ನಂತೂ ನೀವಾಗಿ ಬಿಚ್ಚಲೇಬೇಡಿ. ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಚಿಮ್ಮಿ ಮುಖಕ್ಕೆ ಹೊಡೆಯುತ್ತೆ. ಆಗಲೂ ನಿಮ್ಮ ಶ್ರಮ ವ್ಯರ್ಥ ಅಲ್ಲ. "ಮೆಷಿನ್ ಕೆಟ್ಟಿದೆ" ಅನ್ನುವ ಬದಲು "ಗಾಳಿ ಇದೆ, ಪೆಟ್ರೋಲ್ ಹೊಸದು, ಪ್ಲಗ್ ಹೊಸದು, ಆದರೂ ಬಿಗಿ ಇಲ್ಲ" ಅಂತ ಹೇಳಿದರೆ ಅವರ ಅರ್ಧ ಕೆಲಸ ಮುಗಿದ ಹಾಗೆ. ಬೇಡದ ಸಾಮಾನಿಗೆ ದುಡ್ಡು ಕೊಡುವುದೂ ತಪ್ಪುತ್ತೆ.

ಮಾಡಿ ನೋಡಿ

1. ಕೆಲವು ಹುಲ್ಲಿನ ಎಲೆಗಳನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ. ಪಕ್ಕದ ಕೆಲವನ್ನು ಕೈಯಿಂದ ಹರಿಯಿರಿ. ಎರಡು ದಿನ ಬಿಟ್ಟು ತುದಿಗಳನ್ನು ಲೆನ್ಸ್‌ನಲ್ಲಿ ನೋಡಿ. ಯಾವುದು ಹೆಚ್ಚು ಕಂದಾಗಿದೆ? ಮೊಂಡು ಬ್ಲೇಡ್ ಹುಲ್ಲಿಗೆ ಏನು ಮಾಡುತ್ತೆ ಅಂತ ಇದರಿಂದ ತಿಳಿಯುತ್ತೆ.

2. ನಿಮ್ಮ ಶಾಲೆಯ ಮೆಷಿನ್‌ನ ಬ್ಲೇಡಿನ ಉದ್ದ ಕೇಳಿ ತಿಳಿದು, ತುದಿಯ ವೇಗ ಲೆಕ್ಕ ಹಾಕಿ.

3. ಒಂದು ಸಣ್ಣ ನೋಟ್ ಪುಸ್ತಕವನ್ನು ಮೆಷಿನ್ ಪಕ್ಕದಲ್ಲೇ ಇಡಿ. ಎಷ್ಟು ಗಂಟೆ ಓಡಿತು, ಆಯಿಲ್ ಯಾವಾಗ ಬದಲಾಯಿತು, ಪ್ಲಗ್ಗಿನ ಬಣ್ಣ ಹೇಗಿತ್ತು ಅಂತ ತಾರೀಖು ಹಾಕಿ ಬರೆಯಿರಿ. ವರ್ಷದ ಕೊನೆಗೆ ಆ ಪುಸ್ತಕವನ್ನು ತರಗತಿಗೆ ತನ್ನಿ, ಎಲ್ಲರೂ ಸೇರಿ ಓದೋಣ.