ನಾಗಪುರದ ಗಾಳಿಗೆ ಹೊಂದಿಕೊಂಡ ಆರ್‌ಎಕ್ಸ್ 100

ಯಮಹಾ ಆರ್‌ಎಕ್ಸ್ 100 ಎಂದರೇನು ಅಂತ ಈ ಅಂಕಣ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ದಾವಣಗೆರೆಯಲ್ಲಿ ಯಾರ ಗಾಡಿ ಬಂತು ಎಂಬುದು ಬೀದಿಯ ತಿರುವಿನಾಚೆಯಿಂದಲೇ ಗೊತ್ತಾಗುತ್ತಿತ್ತು. 1985ರ ಕೊನೆಗೆ ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ಮಾರುಕಟ್ಟೆಗೆ ಬಿಟ್ಟ ಈ ಗಾಡಿಯ ತಯಾರಿಕೆ ನಿಂತಿದ್ದು 1996ರಲ್ಲಿ. ಮೈಸೂರಿನಲ್ಲಿ ಜಾವಾ, ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದ ಕಾಲ ಅದು. ಟೂ ಸ್ಟ್ರೋಕ್ ಎಂಜಿನ್ ಹೊಸ ಪೆಟ್ರೋಲನ್ನು ಒಳಗೆ ಎಳೆದುಕೊಳ್ಳುವಾಗ ಒಂದಷ್ಟನ್ನು ಸುಡದೆ ಹಾಗೆಯೇ ಸೈಲೆನ್ಸರಿಗೆ ಕಳಿಸಿಬಿಡುತ್ತದೆ. ಅದಕ್ಕೆ ಯಾರೂ ಸಮರ್ಥನೆ ಕೊಡಲಾರರು. ನಾನು ಭಾನುವಾರ ಮಾತ್ರ ಓಡಿಸುತ್ತೇನೆ ಎಂಬುದಷ್ಟೇ ನನ್ನ ಸಮಾಧಾನ.

ಕೆಲಸ ಮಿಹಾನ್‌ನಲ್ಲಿ, ಮನೆ ವಾರ್ಧಾ ರಸ್ತೆಯ ಕಡೆ. ಎರಡು ವರ್ಷ ಹುಡುಕಿದ ಮೇಲೆ ಉಮರೇಡ್ ಕಡೆ 1994ರ ಗಾಡಿಯೊಂದು ಸಿಕ್ಕಿತು. ಮಾಲೀಕರು ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತರಾದವರು, ಮೊದಲ ಮಾಲೀಕರೂ ಅವರೇ. ಬೆಲೆಯ ಮಾತಿಗಿಂತ ಮೊದಲು ಅವರು ಕೇಳಿದ್ದು, 'ಸೈಲೆನ್ಸರ್ ಕತ್ತರಿಸುವವನಲ್ಲ ತಾನೇ?' ಎಂದು. ಅಲ್ಲ ಎಂದೆ. ಚಹಾ ಬಂತು. ಕೊನೆಗೆ 62 ಸಾವಿರಕ್ಕೆ ಮಾತು ಮುಗಿಯಿತು. ಮೂವತ್ತು ವರ್ಷ ಹಳೆಯ ನೂರು ಸಿಸಿ ಗಾಡಿಗೆ ಇಷ್ಟೇ ಎಂದು ನಗುವವರು ನಗಲಿ. ಬಣ್ಣ ಹೊಡೆದು ಮಿರುಗಿಸಿಟ್ಟ ಆರ್‌ಎಕ್ಸ್‌ಗಳಿಗೆ ಬೆಂಗಳೂರಿನಲ್ಲಿ ಕೇಳುವ ಬೆಲೆ ಕೇಳಿದವರು ನಗುವುದಿಲ್ಲ.

ನನ್ನ ಮಟ್ಟಿಗೆ ಬಣ್ಣ ಹೊಡೆದ ಗಾಡಿಗಿಂತ ಮಾಸಿದ ಗಾಡಿಯೇ ವಾಸಿ. ಬಣ್ಣದಡಿ ಏನಿದೆಯೋ ಯಾರಿಗೆ ಗೊತ್ತು? ಕೊಳ್ಳುವವರು ಮೊದಲು ನೋಡಬೇಕಾದದ್ದು ಎಂಜಿನ್ ಅಲ್ಲ, ಚಾಸಿ ನಂಬರು. ಹ್ಯಾಂಡಲಿನ ಕೆಳಗೆ ಫ್ರೇಮಿನ ಕತ್ತಿನಲ್ಲಿ ಕೊರೆದಿರುವ ಅಂಕಿಗಳು ಆರ್‌ಸಿಗೆ ತಾಳೆಯಾಗಬೇಕು. ಅಲ್ಲಿ ಉಜ್ಜಿದ ಗುರುತು, ಹೊಸ ಬಣ್ಣದ ತೇಪೆ ಕಂಡರೆ ನಮಸ್ಕಾರ ಹೇಳಿ ಹೊರಡಿ. ಕಳ್ಳರಿಗೂ ಪ್ರಿಯವಾದ ಗಾಡಿಯಿದು. ಎರಡನೆಯದು, ನೋಂದಣಿ ನವೀಕರಣವಾಗಿದೆಯೇ ಎಂಬುದು. 15 ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕು. ಹಳೆಯದೆಂದು ವಿಂಟೇಜ್ ರಿಯಾಯಿತಿ ಸಿಗುತ್ತದೆಂದು ಕೆಲವರು ಹೇಳುತ್ತಾರೆ, ಸುಳ್ಳು. ಆ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಮಾತ್ರ.

ಇನ್ನು ಎಂಜಿನ್. ನೋಡಲು ಹೋಗುವ ಮುನ್ನ ಸ್ಟಾರ್ಟ್ ಮಾಡಿಡಬೇಡಿ ಎಂದು ಫೋನಿನಲ್ಲೇ ಹೇಳಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಬೋರ್ ಎಷ್ಟನೆಯದು ಎಂದು ಕೇಳಿ. ಸಿಲಿಂಡರ್ ಸವೆದಂತೆ 0.25 ಮಿ.ಮೀ. ಲೆಕ್ಕದಲ್ಲಿ ಕೊರೆದು ದೊಡ್ಡ ಪಿಸ್ಟನ್ ಹಾಕುತ್ತಾ ಹೋಗುತ್ತಾರೆ. ಒಂದು ಮಿ.ಮೀ. ತಲುಪಿದೆ ಎಂದರೆ ಮುಂದೆ ಹೊಸ ಸ್ಲೀವ್ ಖರ್ಚು ನಿಮ್ಮದು. ಗಾಡಿ ಸ್ಟಾರ್ಟ್ ಆದಮೇಲೆ ಆಕ್ಸಿಲರೇಟರ್ ತಿರುವಿ ಬಿಟ್ಟು ನೋಡಿ. ಸದ್ದು ಕೂಡಲೇ ಇಳಿಯದೆ ಮೇಲೆಯೇ ನಿಂತರೆ ಎಲ್ಲೋ ಕಳ್ಳಗಾಳಿ ಎಳೆಯುತ್ತಿದೆ, ಹೆಚ್ಚಾಗಿ ಮ್ಯಾಗ್ನೆಟೊ ಕಡೆಯ ಆಯಿಲ್ ಸೀಲ್. ಬಿಳಿ ಹೊಗೆ ನಿಲ್ಲದೆ ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಸೀಲ್. ನನ್ನದಕ್ಕೆ ಎರಡೂ ಹೋಗಿದ್ದವು. ಸೀಲು, ಬೇರಿಂಗು, ಪಿಸ್ಟನ್, ರಿಂಗು, ಬೋರಿಂಗ್ ಕೂಲಿ ಎಲ್ಲ ಸೇರಿ ಹದಿನಾಲ್ಕು ಸಾವಿರ ಚಿಲ್ಲರೆ ಆಯಿತು.

ಕೆಲಸ ಮಾಡಿದವರು ಮೋಮಿನ್‌ಪುರದ ಒಬ್ಬ ಹಿರಿಯ ಮೆಕ್ಯಾನಿಕ್. ಎಲ್ಲರಿಗೂ ಅವರು ಚಾಚಾ. ಆಫೀಸಿನ ಗೆಳೆಯನೊಬ್ಬ, ತುಮಕೂರಿನವನು, ನನ್ನ ಜೊತೆ ಬಂದು '135ರ ಬೋರ್ ಹಾಕಿಸು ಗುರೂ' ಎಂದು ಕಿವಿಯಲ್ಲಿ ಊದುತ್ತಲೇ ಇದ್ದ. ಆರ್‌ಎಕ್ಸ್ 100ರ ಬೋರು, ಸ್ಟ್ರೋಕು ಎರಡೂ 50 ಮಿ.ಮೀ., ಒಟ್ಟು 98 ಸಿಸಿ, 11 ಅಶ್ವಶಕ್ತಿ. ಆರ್‌ಎಕ್ಸ್ 135ರದ್ದು 58 ಮಿ.ಮೀ. ಬೋರು. ಹಾಕಬಹುದು, ಎಷ್ಟೋ ಜನ ಹಾಕಿದ್ದಾರೆ. ಆದರೆ ಮುಂದಿನ ಬ್ರೇಕು ಅದೇ ಹಳೆಯ ಡ್ರಮ್ಮು. ನಿಲ್ಲಿಸಲಾಗದ ವೇಗಕ್ಕೆ ದುಡ್ಡು ಕೊಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ಚಾಚಾ ಕೂಡ ಅದನ್ನೇ ಒಂದೇ ಮಾತಿನಲ್ಲಿ ಹೇಳಿದರು: 'ಕಂಪನಿ ಜೈಸಾ ರಖೋ.'

ನಿಜವಾದ ತಲೆಬಿಸಿ ಶುರುವಾಗಿದ್ದು ಜೆಟ್ಟಿನಲ್ಲಿ. ಕಾರ್ಬುರೇಟರಿನೊಳಗೆ ಸೂಜಿ ಕಣ್ಣಿನಷ್ಟು ತೂತಿರುವ ಹಿತ್ತಾಳೆಯ ತುಣುಕು ಅದು. ಎಷ್ಟು ಪೆಟ್ರೋಲ್ ಹೋಗಬೇಕೆಂದು ತೀರ್ಮಾನಿಸುವುದು ಅದೇ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಕಾಯುತ್ತದೆ. ಜೊತೆಗೆ ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಆಯಿಲ್ ಸಿಗುವುದೂ ಪೆಟ್ರೋಲಿನ ಜೊತೆಗೇ. ಎರಡೂ ಕಡಿಮೆಯಾದರೆ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಅಂದರೆ ಸೀಜ್. ಅರವತ್ತರ ವೇಗದಲ್ಲಿ ಹೀಗಾದರೆ ಹಿಂದಿನ ಚಕ್ರ ಅಲ್ಲೇ ಬಿಗಿದು ನಿಲ್ಲುತ್ತದೆ. ಆ ಕ್ಷಣ ಕ್ಲಚ್ ಹಿಡಿದವನು ಉಳಿದ.

ನಾಗಪುರದ ಬಿಸಿಲಿಗೆ ಟೂ ಸ್ಟ್ರೋಕ್ ತಡೆಯುವುದಿಲ್ಲ ಎಂದು ಊರಿನಿಂದ ಎಲ್ಲರೂ ಎಚ್ಚರಿಸಿದ್ದರು. ಮೇ ತಿಂಗಳಲ್ಲಿ ಇಲ್ಲಿ 45 ಡಿಗ್ರಿ ಸಾಮಾನ್ಯ, ಆದ್ದರಿಂದ ಮಾತು ಸರಿ ಎನಿಸುತ್ತದೆ. ಲೆಕ್ಕ ಹಾಕಿ ನೋಡಿದೆ. ಇದಕ್ಕೆ ಎಂಟೆಕ್ ಬೇಡ, ಪಿಯುಸಿಯ ಭೌತಶಾಸ್ತ್ರ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ 27 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಹತ್ತಿರಹತ್ತಿರ 1.05 ಕಿಲೋ. ನಾಗಪುರ ಸುಮಾರು 310 ಮೀಟರ್ ಎತ್ತರದಲ್ಲಿದೆ, 45 ಡಿಗ್ರಿಯಲ್ಲಿ 1.06 ಕಿಲೋ. ಅಂದರೆ ಎಂಜಿನ್ನಿನ ಲೆಕ್ಕದಲ್ಲಿ ನಾಗಪುರದ ಮೇ ಮಧ್ಯಾಹ್ನವೂ ಬೆಂಗಳೂರಿನ ಹಿತವಾದ ಹಗಲೂ ಬಹುತೇಕ ಒಂದೇ! ಬೆಂಗಳೂರಿನಲ್ಲಿ ಹೊಂದಿಸಿದ ಜೆಟ್ ಇಲ್ಲಿನ ಬೇಸಿಗೆಯಲ್ಲೂ ನಡೆಯುತ್ತದೆ. ಅಪಾಯವಿರುವುದು ಡಿಸೆಂಬರಿನಲ್ಲಿ. ಬೆಳಗಿನ ಜಾವ 10 ಡಿಗ್ರಿಗೆ ಇಳಿದಾಗ ಅದೇ ಗಾಳಿ 1.20 ಕಿಲೋ ತೂಗುತ್ತದೆ, ಶೇಕಡಾ 13ರಷ್ಟು ಹೆಚ್ಚು. ಪೆಟ್ರೋಲೂ ಸ್ವಲ್ಪ ಹೆಚ್ಚು ಹರಿಯುತ್ತದೆ, ಆದರೆ ಗಾಳಿಗೆ ಸಮನಾಗುವಷ್ಟಲ್ಲ. ಮೇಲೆ ಅಲ್ಯೂಮಿನಿಯಂ ಪಿಸ್ಟನ್ ಬೇಗ ಹಿಗ್ಗುತ್ತದೆ, ಸಿಲಿಂಡರ್ ನಿಧಾನವಾಗಿ. ಚಳಿಯಲ್ಲಿ ಕಿಕ್ ಹೊಡೆದ ಕೂಡಲೇ ಹೆದ್ದಾರಿಗೆ ನುಗ್ಗುವವನಿಗೆ ಎರಡು ಕಡೆಯಿಂದಲೂ ಏಟು.

ಲೆಕ್ಕವನ್ನು ಚಾಚಾಗೆ ಹೇಳಿದಾಗ ಅವರು ನಕ್ಕರು. ಅವರ ಅಂಗಡಿಗೆ ಸೀಜ್ ಆದ ಗಾಡಿಗಳು ಹೆಚ್ಚು ಬರುವುದು ದೀಪಾವಳಿಯ ನಂತರವಂತೆ. ಕಾರಣ ಅವರಿಗೆ ಬೇಕಿರಲಿಲ್ಲ, ಹಬ್ಬ ಕಳೆದೊಡನೆ ತಮ್ಮ ಗಿರಾಕಿಗಳ ಗಾಡಿಗೆಲ್ಲ ಒಂದು ನಂಬರ್ ದೊಡ್ಡ ಜೆಟ್ ಹಾಕಿಬಿಡುತ್ತಾರೆ.

ನನಗೆ ಹಿಡಿಸಿದ ಪರೀಕ್ಷೆ ಹಳೆಯ ಕಾಲದ್ದು. ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಒಂದಷ್ಟು ದೂರ ಓಡಿಸಿ, ಹಾಗೆಯೇ ಕ್ಲಚ್ ಹಿಡಿದು ಇಗ್ನಿಷನ್ ಆಫ್ ಮಾಡಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡುವುದು. ಪ್ಲಗ್ಗಿನ ಮೂತಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕಪ್ಪಾಗಿ ಜಿಡ್ಡಾಗಿದ್ದರೆ ಹೆಚ್ಚಾಯಿತು. ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣ ಬಂದರೆ ಸರಿ. ನಾಲ್ಕು ಭಾನುವಾರ, ಮೂರು ಜೆಟ್ ಹಿಡಿಯಿತು ಆ ಬಣ್ಣ ಬರಲು. ಬಿಸಿ ಪ್ಲಗ್ಗಿಗೆ ಕೈಚೀಲದಲ್ಲಿ ದಪ್ಪ ಬಟ್ಟೆ ಇಟ್ಟುಕೊಳ್ಳಿ. ಆಯಿಲನ್ನು ಲೀಟರಿಗೆ 25 ಮಿ.ಲೀ. ಲೆಕ್ಕದಲ್ಲಿ ನಾನೇ ಟ್ಯಾಂಕಿಗೆ ಬೆರೆಸುತ್ತೇನೆ. ಈಗ ಬೇಸಿಗೆ ಜೆಟ್, ಚಳಿಗಾಲದ ಜೆಟ್ ಎಂದು ಎರಡು ಇಟ್ಟುಕೊಂಡಿದ್ದೇನೆ. ಬದಲಿಸಲು ಹತ್ತು ನಿಮಿಷ ಸಾಕು.

ತುಮಕೂರಿನ ಗೆಳೆಯನಿಗೆ ಈಗ ತಾನೂ ಊರಿನಲ್ಲಿರುವ ಚಿಕ್ಕಪ್ಪನ ಆರ್‌ಎಕ್ಸ್ ತರಿಸಬೇಕೆಂಬ ಹುಚ್ಚು ಹತ್ತಿದೆ. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಪಾರ್ಸೆಲ್ ಹಾಕಿದರೆ ನೇರ ನಾಗಪುರಕ್ಕೇ ಬರುತ್ತದೆ, ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿರಬೇಕು ಅಷ್ಟೇ. ಆದರೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳುವುದಾದರೆ ಕೆಎ ಹೋಗಿ ಎಂಎಚ್ ನಂಬರ್ ಬರಬೇಕು. ಅದಕ್ಕೆ ಊರಿನ ಆರ್‌ಟಿಒದಿಂದ ಎನ್‌ಒಸಿ ಬೇಕು. ಗಾಡಿ ಇನ್ನೂ ಚಿಕ್ಕಪ್ಪನ ಹೆಸರಿನಲ್ಲಿದೆ, ನೋಂದಣಿಯ ಅವಧಿ ಮುಗಿದು ಎರಡು ವರ್ಷವಾಗಿದೆ. ಮೊದಲು ನವೀಕರಣ, ಆಮೇಲೆ ಎನ್‌ಒಸಿ, ಅದು ಕೈಗೆ ಬಂದಮೇಲಷ್ಟೇ ಪಾರ್ಸೆಲ್ ಆಫೀಸು ಎಂದಿದ್ದೇನೆ. ಚಿಕ್ಕಪ್ಪ ಕೊಡಲು ಒಪ್ಪಿದ್ದಾರಾ ಎಂದು ಕೇಳಿದರೆ, ಇನ್ನೂ ಕೇಳಿಲ್ಲವಂತೆ.