ಕೋವಿಯ ಮದ್ದಿಗೆ ವೈದ್ಯರ ಮದ್ದು

ಕನ್ನಡದಲ್ಲಿ 'ಮದ್ದು' ಎಂಬ ಪದಕ್ಕೆ ಎರಡು ಅರ್ಥ. ನಮ್ಮಂಥ ವೈದ್ಯರಿಗೆ ಅದು ಔಷಧ. ಕೋವಿ ಹಿಡಿದವರಿಗೆ ಅದು ಸಿಡಿಯುವ ಕರಿಪುಡಿ. ಈ ಎರಡನೆಯ ಮದ್ದಿನಿಂದ ಆಗುವ ತೊಂದರೆಗೆ ಮೊದಲನೆಯ ಮದ್ದನ್ನು ಹುಡುಕಿಕೊಂಡು ಬರುವವರು ಮೈಸೂರಿನಲ್ಲೂ ಇದ್ದಾರೆ. ಬೋಗಾದಿ, ವಿಜಯನಗರದ ಸುತ್ತ ನೆಲೆಸಿದ ಎಷ್ಟೋ ಕುಟುಂಬಗಳ ಬೇರು ಕೊಡಗಿನಲ್ಲಿ, ಮಲೆನಾಡಿನಲ್ಲಿ ಇದೆ. ಊರಿನ ಮನೆಯಲ್ಲಿ ಅಜ್ಜನ ಕಾಲದ ನಳಿಗೆಯ ಕೋವಿ ಇದೆ. ಹಬ್ಬಕ್ಕೆ ಹೋದಾಗ ಅದನ್ನು ಒರೆಸಿ, ಎಣ್ಣೆ ಹಾಕಿ, ಒಂದೆರಡು ಗುಂಡು ಹಾರಿಸಿ ಬರುವುದು ಹಲವರಿಗೆ ಪ್ರೀತಿಯ ಹವ್ಯಾಸ.

ಕೊಡವರಿಗೆ ಇದು ಬರೀ ಹವ್ಯಾಸವಲ್ಲ, ಸಂಸ್ಕೃತಿಯ ಭಾಗ. ಸೆಪ್ಟೆಂಬರ್ 3ರಂದು ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡಿನ ಸದ್ದು ಕೇಳಲೇಬೇಕು. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಉಳಿದು, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಪರವಾನಗಿ ಬೇಕಿಲ್ಲವೆಂಬ ಆದೇಶ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಯಿತು. ಉಳಿದವರಿಗೆ ಹಳೆಯ ಕೇಪಿನ ಕೋವಿಯಾದರೂ ಪರವಾನಗಿ ಬೇಕು. ಕಾನೂನು ವಿನಾಯಿತಿ ಕೊಟ್ಟೀತು. ಆದರೆ ಕಿವಿ, ಕಣ್ಣು, ರಕ್ತ ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಮೊದಲ ಪೆಟ್ಟು ಕಿವಿಗೆ

ನಾವು ಮಾತನಾಡುವ ಸದ್ದು ಸುಮಾರು 60 ಡೆಸಿಬೆಲ್. ಕೋವಿಯ ಸದ್ದು 140 ಡೆಸಿಬೆಲ್ ದಾಟುತ್ತದೆ. ಈ ಮಟ್ಟದ ಸದ್ದು ಕ್ಷಣಮಾತ್ರದಲ್ಲಿ, ಒಂದೇ ಹೊಡೆತಕ್ಕೆ ಒಳಕಿವಿಯ ಸೂಕ್ಷ್ಮ ರೋಮಕೋಶಗಳನ್ನು ಹಾಳು ಮಾಡಬಲ್ಲದು. ತಲೆಗೂದಲು ಉದುರಿದರೆ ಮತ್ತೆ ಬಂದೀತು, ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಮೊದಲು ಹೋಗುವುದು ತೆಳುವಾದ, ಎತ್ತರದ ಸ್ವರಗಳು. ಹಾಗಾಗಿ ವ್ಯಕ್ತಿಗೆ ತಾನು ಕಿವುಡನಾಗುತ್ತಿರುವುದು ಗೊತ್ತೇ ಆಗುವುದಿಲ್ಲ. 'ಟೀವಿ ಜೋರಾಗಿ ಇಡ್ತಾರೆ, ಮೊಮ್ಮಗಳು ಹೇಳಿದ್ದು ಕೇಳಿಸಲ್ಲ ಡಾಕ್ಟ್ರೇ' ಎಂದು ದೂರು ತರುವವರು ಮನೆಯವರು. ಇನ್ನೊಂದು ಲಕ್ಷಣ, ರಾತ್ರಿ ನಿಶ್ಶಬ್ದದಲ್ಲಿ ಜೀರುಂಡೆ ಕೂಗಿದಂತೆ ಕಿವಿಯೊಳಗೆ ಗುಂಯ್‌ಗುಡುವುದು. ಬಲಗೈಯಲ್ಲಿ ಕೋವಿ ಹಿಡಿಯುವವರಿಗೆ ಹೆಚ್ಚಾಗಿ ಎಡಗಿವಿಯೇ ಕೆಡುತ್ತದೆ. ಗುರಿ ಹಿಡಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆಗಿರುತ್ತದೆ, ಬಲಗಿವಿಗೆ ತಲೆಯೇ ಮರೆಯಾಗುತ್ತದೆ.

ಕಿವಿಗೆ ಹತ್ತಿ ತುರುಕಿಕೊಂಡರೆ ಸಾಕೆಂದು ಹಲವರ ನಂಬಿಕೆ. ಹತ್ತಿಯಿಂದ ಪ್ರಯೋಜನ ಅತ್ಯಲ್ಪ. ಕಿವಿಯೊಳಗೆ ಸರಿಯಾಗಿ ಕೂರುವ ಸ್ಪಂಜಿನ ಬಿರಡೆ, ಅದರ ಮೇಲೆ ಕಿವಿ ಮುಚ್ಚುವ ಇಯರ್ ಮಫ್, ಎರಡೂ ಇರಲಿ. ಪಕ್ಕದಲ್ಲಿ ನಿಂತು ನೋಡುವವರಿಗೂ ಇದು ಅನ್ವಯ. ಮೈಸೂರು ದಸರೆಯ 21 ಕುಶಾಲತೋಪು ಹಾರುವುದೂ ಬಾಯಿಯಿಂದ ಮದ್ದು ಜಡಿಯುವ ಫಿರಂಗಿಗಳಿಂದಲೇ. ಆನೆ, ಕುದುರೆಗಳು ಬೆದರದಿರಲೆಂದು ವಾರಗಟ್ಟಲೆ ಮುಂಚೆಯೇ ತಾಲೀಮು ಮಾಡಿಸುತ್ತಾರೆ. ಆನೆಗೆ ಇಷ್ಟು ಕಾಳಜಿ ಮಾಡುವ ನಾವು, ಹೆಗಲ ಮೇಲೆ ಕೂತ ಮಗುವಿನ ಕಿವಿ ಮುಚ್ಚುವುದನ್ನು ಮರೆಯಬಾರದಲ್ಲವೇ?

ಗುಂಡು ಹಾರಿಸಿದ ಮೇಲೆ ಕಿವಿ ಮಂದವಾಗಿ, ಗುಂಯ್‌ಗುಡುವುದು ಒಂದು ದಿನ ಕಳೆದರೂ ಹೋಗದಿದ್ದರೆ 'ತಾನಾಗಿ ಸರಿಹೋಗುತ್ತೆ' ಎಂದು ಕೂರಬೇಡಿ. ಕಿವಿ ವೈದ್ಯರನ್ನು ತಡಮಾಡದೆ ಕಾಣಿ. ಬೇಗ ಚಿಕಿತ್ಸೆ ಶುರುವಾದರೆ ಸ್ವಲ್ಪವಾದರೂ ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ಮೈಸೂರಿನವರಿಗೆ ಒಂದು ಅದೃಷ್ಟ: ಬೋಗಾದಿಗೆ ಹತ್ತಿರದ ಮಾನಸಗಂಗೋತ್ರಿಯಲ್ಲೇ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೋವಿ ಬಳಸುವವರು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಕಾಣದ ವಿಷ ಸೀಸ

ಹಳೆಯ ಕೋವಿಯ ಗುಂಡು, ಚರೆ ಎರಡೂ ಸೀಸದವು. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಮನೆಯ ಒಲೆಯಲ್ಲೇ ಕರಗಿಸಿ ಗುಂಡು ಎರೆಯುವವರಿದ್ದಾರೆ. ಆ ಹೊಗೆ, ಆ ಬೂದಿ, ಕೈಗೆ ಮೆತ್ತಿದ ಆ ಕಪ್ಪು ಇವೆಲ್ಲ ಮೆಲ್ಲಗೆ ದೇಹ ಸೇರುತ್ತವೆ. ಹೀಗೆ ಸೇರಿದ ಸೀಸ ಮೂಳೆಯಲ್ಲಿ ಬೀಡುಬಿಟ್ಟು ವರ್ಷಗಟ್ಟಲೆ ಉಳಿಯುತ್ತದೆ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಏರುವ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದರ ಫಲ. ಮಕ್ಕಳಲ್ಲಿ ಬುದ್ಧಿಶಕ್ತಿಯನ್ನೇ ಕುಂದಿಸುತ್ತದೆ. ಅವರಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ.

ಆದ್ದರಿಂದ ಅಡುಗೆಮನೆಯಲ್ಲಿ, ಅಡುಗೆಯ ಪಾತ್ರೆಯಲ್ಲಿ ಸೀಸ ಕರಗಿಸಲೇಬೇಡಿ. ಗರ್ಭಿಣಿಯರು, ಮಕ್ಕಳು ಆ ಕಡೆ ಸುಳಿಯಬಾರದು. ಗುಂಡನ್ನು ಬಾಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಬಿಡಿ. ಕೋವಿ ಮುಟ್ಟಿದ ಕೈಯಲ್ಲಿ ಕಡಂಬುಟ್ಟು ಮುಟ್ಟುವ ಮುನ್ನ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಆ ದಿನದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ವರ್ಷವಿಡೀ ಈ ಕೆಲಸ ಮಾಡುವವರು ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳಲಿ. ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಪ್ಪಿಸಬೇಕೆಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಇನ್ನೊಂದು ಮಾತು. ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಮುಡಿಸುವ ಚೆಂದದ 'ತೋಕ್ ಪೂ' ಎಂದರೆ ನಮ್ಮ ಅಗ್ನಿಶಿಖೆ, ಗೌರಿ ಹೂವು. ಅದರ ಗಿಡವೆಲ್ಲ ವಿಷ, ಗೆಡ್ಡೆಯಂತೂ ಘೋರ ವಿಷ. ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಒರೆಸುವಾಗಲೇ ಅಪಾಯ

ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರುತ್ತದೆ. ಕೊಡಗಿನ ಮಳೆಗೆ ಕೇಳಬೇಕೇ? ಒಂದೆರಡು ದಿನದಲ್ಲೇ ನಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ತಿಂದ ನಳಿಗೆ ಮುಂದೊಮ್ಮೆ ಸಿಡಿದರೆ ಹೋಗುವುದು ಬೆರಳು, ಕಣ್ಣು. ಆದ್ದರಿಂದ ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಎಣ್ಣೆ ಹಚ್ಚಬೇಕು. ಇದಕ್ಕೆಂದು ತಂದ ಸೀಮೆಎಣ್ಣೆಯನ್ನು ಜ್ಯೂಸ್ ಬಾಟಲಿಯಲ್ಲಿ ಇಡಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ.

ಒರೆಸುವ ಮೊದಲು ಕೋವಿ ಖಾಲಿ ಇದೆಯೇ ಎಂದು ನೋಡಿ. ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಬಿಚ್ಚಿ ನೋಡಲಾಗದು. ಅಜ್ಜ ಜಡಿದಿಟ್ಟ ಮದ್ದು ವರ್ಷಗಳ ನಂತರವೂ ಸಿಡಿಯಬಹುದು. ನಳಿಗೆಯ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಕುದುರೆಯ ಬಳಿಯ ಕೇಪು ತೆಗೆದು, ಜಡಿಯುವ ಕೋಲನ್ನು ಒಳಗೆ ಬಿಟ್ಟು ಅದು ಎಲ್ಲಿಯವರೆಗೆ ಇಳಿಯಿತೆಂದು ಗುರುತಿಸಿ, ಹೊರಗಿನಿಂದ ಅಳೆಯಿರಿ. ಬುಡದವರೆಗೆ ಇಳಿಯದಿದ್ದರೆ ಒಳಗೆ ಏನೋ ಇದೆ. ನೀವೇ ಕೆದಕಬೇಡಿ, ತಿಳಿದ ಕೋವಿ ರಿಪೇರಿಯವರಿಗೆ ತೋರಿಸಿ. ನಳಿಗೆಗೆ ಬಾಯಿಟ್ಟು ಊದುವುದು, ಇಣುಕಿ ನೋಡುವುದು ಸಲ್ಲದು. ಕುದುರೆ ಬಿದ್ದರೂ ಗುಂಡು ಹಾರದಿದ್ದರೆ ಕನಿಷ್ಠ ಒಂದು ನಿಮಿಷ ಗುರಿಯ ಕಡೆಗೇ ಹಿಡಿದಿರಿ. ಒಮ್ಮೊಮ್ಮೆ ಮದ್ದು ತಡವಾಗಿ ಹೊತ್ತುತ್ತದೆ. ಕೇಪಿನ ಚೂರು ಕಣ್ಣಿಗೆ ಸಿಡಿಯದಂತೆ ಗಟ್ಟಿ ಕನ್ನಡಕ ಹಾಕಿ. ಹೊಸ ಕಾಲದ ಹೊಗೆರಹಿತ ಮದ್ದನ್ನು ಹಳೆಯ ಕೋವಿಗೆ ಎಂದೂ ತುಂಬಬಾರದು, ನಳಿಗೆ ತಡೆಯುವುದಿಲ್ಲ.

ಪೆಟ್ಟಾದರೆ ಏನು ಮಾಡಬೇಕು?

* ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ತುಪ್ಪ ಬೇಡ.
* ಚರ್ಮದಲ್ಲಿ ನೆಟ್ಟ ಮದ್ದಿನ ಕಣಗಳನ್ನು ಬೇಗ ತೆಗೆಸದಿದ್ದರೆ ಹಚ್ಚೆಯಂತೆ ಉಳಿದುಬಿಡುತ್ತವೆ.
* ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಒತ್ತಬೇಡಿ. ಕಣ್ಣಿಗೆ ತಾಗದಂತೆ ಮೇಲೆ ಗಟ್ಟಿಯಾದ ಮರೆ ಕಟ್ಟಿ ಆಸ್ಪತ್ರೆಗೆ ಬನ್ನಿ.
* ಗುಂಡು ಹೊಕ್ಕರೆ ಕೀಳಲು ಹೋಗಬೇಡಿ. ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಪೊಲೀಸರ ಭಯದಿಂದ ಗಾಯ ಮುಚ್ಚಿಡಬೇಡಿ. ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ ನಿಜ, ಆದರೆ ಚಿಕಿತ್ಸೆಯೇ ಮೊದಲು.
* ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಿ.

ಕೊನೆಯದಾಗಿ, ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು. ಮನೆಯಲ್ಲಿ ಯಾರಾದರೂ ಸದಾ ಮಂಕಾಗಿದ್ದರೆ, ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದರೆ, ಕುಡಿತ ಹೆಚ್ಚಾಗಿದ್ದರೆ ಕೋವಿಯನ್ನು ಆ ಮನೆಯಲ್ಲಿ ಇಡಬೇಡಿ. ಪೊಲೀಸ್ ಠಾಣೆಯಲ್ಲೋ ಅಧಿಕೃತ ಕೋವಿ ಅಂಗಡಿಯಲ್ಲೋ ಠೇವಣಿ ಇಡಿ. ಇದರಿಂದ ಮನೆತನದ ಮರ್ಯಾದೆಗೆ ಕುಂದೇನೂ ಇಲ್ಲ. ಮನಸ್ಸಿನ ನೋವಿಗೆ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಉಳಿದ ದಿನಗಳಲ್ಲೂ ಕೋವಿ ಒಂದು ಬೀಗದಲ್ಲಿ, ಮದ್ದು ಮತ್ತು ಕೇಪು ಇನ್ನೊಂದು ಬೀಗದಲ್ಲಿ ಇರಲಿ. ಕೀಲಿ ಮಕ್ಕಳ ಕೈಗೆ ಸಿಗದಿರಲಿ.

ಕೊಡವರು ಕೃಷಿ ಕೆಲಸದ ತಿಂಗಳುಗಳಲ್ಲಿ ಆಯುಧಗಳನ್ನು ಕನ್ನಿ ಕೋಂಬರೆಯಲ್ಲಿ ಇಟ್ಟು, ಹಬ್ಬಕ್ಕೆ ಮಾತ್ರ ಹೊರತೆಗೆಯುತ್ತಿದ್ದರು. ಆಯುಧಕ್ಕೆ ಅದರದೇ ಜಾಗ, ಅದರದೇ ಹೊತ್ತು ಇರಬೇಕೆಂಬ ಆ ಹಿರಿಯರ ಶಿಸ್ತಿಗಿಂತ ಒಳ್ಳೆಯ ಆರೋಗ್ಯ ಸೂತ್ರ ನನಗೆ ತಿಳಿದಿಲ್ಲ.